ಮದುವೆ, ನಿಶ್ಚಿತಾರ್ಥದ ಉಂಗುರಕ್ಕೆ ಯಾವ ಲೋಹ? ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಉಂಗುರ ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಡಿಸೈನು. ಆಮೇಲೆ ಅವತ್ತಿನ ರೇಟು. ಲೋಹದ ಮಾತು ಬರುವುದು ಕೊನೆಗೆ, ಅದೂ ಅಂಗಡಿಯವರು ಕೇಳಿದರೆ ಮಾತ್ರ. ಈ ಕ್ರಮವನ್ನು ತಿರುಗಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾರ, ಬಳೆ, ಓಲೆ ಎಲ್ಲ ಪೆಟ್ಟಿಗೆಯಲ್ಲಿರುತ್ತವೆ, ಮದುವೆ ಸಮಾರಂಭಕ್ಕೆ ಹೊರಗೆ ಬರುತ್ತವೆ. ಮದುವೆಯ ಉಂಗುರ ಹಾಗಲ್ಲ. ಅದು ದಿನಾ ಕೈಯಲ್ಲೇ ಇರುತ್ತದೆ. ಪಾತ್ರೆ ತಿಕ್ಕುವಾಗ, ಜೀಪಿನ ಸ್ಟೇರಿಂಗ್ ಹಿಡಿಯುವಾಗ, ತೋಟದ ಗೇಟು ಎಳೆಯುವಾಗ, ಕಾಫಿ ಕುಯ್ಯುವಾಗ ಅದರ ಮೇಲೆ ಒತ್ತಡ ಬೀಳುತ್ತದೆ. ಒಡವೆಗಳಲ್ಲಿ ಇಷ್ಟು ಪೆಟ್ಟು ತಿನ್ನುವುದು ಬೇರೆ ಯಾವುದೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಮದುವೆಯ ಪದ್ಧತಿಗಳು ಹಲವು. ಕೊಡವರಲ್ಲಿ ಮದುವೆಯಾದವಳ ಗುರುತು ಪತ್ತಾಕ್ ಎಂಬ ಪದಕದ ಸರ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರಷ್ಟು ಹಳೆಯದು. ಅಲ್ಲಿಯ ಕ್ರೈಸ್ತ ಮನೆತನಗಳಿಗೆ ಮದುವೆಯ ಉಂಗುರ ಹೊಸದಲ್ಲ. ಈಗ ಕೊಡವರು, ಅರೆಭಾಷೆ ಗೌಡರು ಮತ್ತು ಉಳಿದವರ ನಿಶ್ಚಿತಾರ್ಥಗಳಲ್ಲೂ ಉಂಗುರ ಬದಲಾಯಿಸುವುದು ಸಾಮಾನ್ಯ. ಪದ್ಧತಿ ಯಾವುದೇ ಇರಲಿ, ಲೋಹ ಆರಿಸುವ ಲೆಕ್ಕ ಎಲ್ಲರಿಗೂ ಒಂದೇ. ಈ ಕೈ ಏನು ಕೆಲಸ ಮಾಡುತ್ತದೆ? ಉಂಗುರ ಸವೆದರೆ, ಬಿಗಿಯಾದರೆ ಹತ್ತಿರದಲ್ಲಿ ಅದನ್ನು ಸರಿ ಮಾಡುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ.

ಹೆಜ್ಜೆ 1: ಮೊದಲು ಕೈ ನೋಡಿ

ಹುಡುಗ, ಹುಡುಗಿ ಇಬ್ಬರೂ ಒಂದು ವಾರ ತಮ್ಮ ಕೈ ಏನೇನು ಮಾಡುತ್ತದೆ ಎಂದು ಗಮನಿಸಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೈಗೂ ಸೋಮವಾರಪೇಟೆಯಲ್ಲಿ ತೋಟ ನೋಡಿಕೊಳ್ಳುವ ಕೈಗೂ ತುಂಬಾ ವ್ಯತ್ಯಾಸ ಇದೆ. ಸೈನ್ಯದಲ್ಲಿರುವವರು, ನರ್ಸ್ ಕೆಲಸದವರು, ಹೋಂಸ್ಟೇ ಅಡುಗೆಮನೆ ನೋಡಿಕೊಳ್ಳುವವರು, ಮೆಕ್ಯಾನಿಕ್‌ಗಳು ಎಲ್ಲರ ಕೈಯೂ ಬೇರೆ ಬೇರೆ.

ತೋಟದ ಕೆಲಸ ಇರುವವರಿಗೆ ಎರಡು ಅಪಾಯಗಳನ್ನು ಹೇಳಲೇಬೇಕು. ಮೊದಲನೆಯದು, ಉಂಗುರ ಸಿಕ್ಕಿಹಾಕಿಕೊಳ್ಳುವುದು. ಮೆಣಸು ಕುಯ್ಯಲು ಏಣಿ ಹತ್ತಿ ಇಳಿಯುವಾಗ, ಲಾರಿಯಿಂದ ಜಿಗಿಯುವಾಗ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಪಕ್ಕದಲ್ಲಿ ಕೆಲಸ ಮಾಡುವಾಗ ಉಂಗುರ ಒಂದು ಮೊಳೆಗೋ ಕೊಂಡಿಗೋ ಸಿಕ್ಕಿದರೆ ಇಡೀ ದೇಹದ ಭಾರ ಒಂದು ಬೆರಳಿನ ಮೇಲೆ ಬೀಳುತ್ತದೆ. ಚರ್ಮ ಕಿತ್ತು ಬರುತ್ತದೆ, ಕೆಲವೊಮ್ಮೆ ಬೆರಳೇ ಹೋಗುತ್ತದೆ. ಎರಡನೆಯದು, ಬ್ಯಾಟರಿ. ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿಯ ಬ್ಯಾಟರಿಯನ್ನೋ ಜೀಪಿನ ಬ್ಯಾಟರಿಯನ್ನೋ ಬಿಚ್ಚುವಾಗ ಸ್ಪ್ಯಾನರ್ ಮತ್ತು ಉಂಗುರ ಸೇರಿ ಎರಡು ಟರ್ಮಿನಲ್‌ಗಳಿಗೆ ಸೇತುವೆಯಾದರೆ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಇದಕ್ಕೆ ಯಾವ ಲೋಹವೂ ಪರಿಹಾರವಲ್ಲ. ಇಂಥ ಕೆಲಸಕ್ಕೆ ಹೋಗುವಾಗ ಉಂಗುರ ತೆಗೆದಿಡಬೇಕು. ಬರಿಗೈ ಬೇಡ ಅನ್ನಿಸಿದರೆ ಕೆಲಸದ ಹೊತ್ತಿಗೆ ಸಿಲಿಕೋನ್ ಉಂಗುರ ಹಾಕಿಕೊಳ್ಳಿ. ಜೋರಾಗಿ ಎಳೆದರೆ ಅದು ಹರಿದು ಹೋಗುತ್ತದೆ, ಕರೆಂಟೂ ಹರಿಯುವುದಿಲ್ಲ.

ಚರ್ಮವನ್ನೂ ನೋಡಿ. ಅಗ್ಗದ ಕಿವಿಯೋಲೆ ಹಾಕಿದಾಗ ಕಿವಿ ಕೆರೆಯುತ್ತದಾ? ಜೀನ್ಸ್ ಪ್ಯಾಂಟಿನ ಗುಂಡಿ ತಾಗುವ ಕಡೆ ಚರ್ಮ ಕೆಂಪಾಗುತ್ತದಾ? ಹಾಗಿದ್ದರೆ ನಿಮಗೆ ನಿಕಲ್ ಆಗಿಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಬಿಳಿ ಚಿನ್ನ ಆರಿಸುವಾಗ ಈ ಮಾತು ಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಎರಡೂ ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳಬೇಕು. ಮುಸ್ಲಿಂ ಮನೆಗಳಲ್ಲಿ ಗಂಡಸರು ಸಾಮಾನ್ಯವಾಗಿ ಚಿನ್ನ ಧರಿಸುವುದಿಲ್ಲ. ಅಲ್ಲಿ ಮದುಮಗನಿಗೆ ಬೆಳ್ಳಿ ಅಥವಾ ಪ್ಲಾಟಿನಂ ಇರುತ್ತದೆ. ಬಿಳಿ ಚಿನ್ನವೂ ಚಿನ್ನವೇ ಆದ್ದರಿಂದ ನೋಡಲು ಬೆಳ್ಳಗಿದೆ ಎಂದು ಅದನ್ನು ಕೊಂಡು ತರಬೇಡಿ. ಬೇರೆ ಕೆಲವು ಮನೆಗಳಲ್ಲಿ ಹಿರಿಯರಿಗೆ ಹಳದಿ ಚಿನ್ನವೇ ಆಗಬೇಕು. ಇದನ್ನು ಅಂಗಡಿಯ ಕೌಂಟರಿನ ಮುಂದೆ ನಿಂತು ತೀರ್ಮಾನಿಸಲು ಹೋದರೆ ಎಲ್ಲರಿಗೂ ಬೇಸರ.

ಹೆಜ್ಜೆ 2: ಕ್ಯಾರೆಟ್ ಲೆಕ್ಕ ತಿಳಿದುಕೊಳ್ಳಿ

ಅಪ್ಪಟ ಚಿನ್ನ 24 ಕ್ಯಾರೆಟ್. ಅದು ತುಂಬಾ ಮೆದು, ಉಂಗುರಕ್ಕೆ ಆಗುವುದಿಲ್ಲ. ಅದಕ್ಕೆ ತಾಮ್ರ, ಬೆಳ್ಳಿ ಮುಂತಾದವನ್ನು ಬೆರೆಸುತ್ತಾರೆ. 22 ಕ್ಯಾರೆಟ್ ಎಂದರೆ 1000 ಭಾಗದಲ್ಲಿ 916 ಭಾಗ ಚಿನ್ನ. 18 ಕ್ಯಾರೆಟ್‌ನಲ್ಲಿ 750, 14ರಲ್ಲಿ 585, 9ರಲ್ಲಿ 375. ಬೆರಕೆ ಜಾಸ್ತಿಯಾದಷ್ಟೂ ಚಿನ್ನ ಗಟ್ಟಿಯಾಗುತ್ತದೆ, ಬೆಲೆ ಇಳಿಯುತ್ತದೆ, ಬಣ್ಣ ಸ್ವಲ್ಪ ಪೇಲವವಾಗುತ್ತದೆ.

ಹಾಗಾಗಿ 18 ಕ್ಯಾರೆಟ್ ಎಂದರೆ ಕಳಪೆ ಚಿನ್ನ ಎಂದು ತಿಳಿಯಬೇಡಿ. ಅದು ಬೇರೆ ಕೆಲಸಕ್ಕೆ ಮಾಡಿದ ಚಿನ್ನ. ನಮ್ಮಲ್ಲಿ ಒಡವೆಯನ್ನು ಕಷ್ಟಕಾಲದ ಆಸರೆ ಎಂದು ನೋಡುವ ರೂಢಿಯಿಂದ 22 ಕ್ಯಾರೆಟ್ ಬಿಟ್ಟು ಬೇರೆ ಮುಟ್ಟಲು ಹಿಂಜರಿಯುತ್ತಾರೆ. ಹಾರಕ್ಕೆ, ಬಳೆಗೆ ಆ ಯೋಚನೆ ಸರಿ. ನಾಲ್ಕು ಗ್ರಾಂನ ಉಂಗುರದಲ್ಲಿ ಆಪತ್ಕಾಲದ ಉಳಿತಾಯ ಎಷ್ಟಿರುತ್ತದೆ? ಉಂಗುರಕ್ಕೆ ಬಾಳಿಕೆಯೇ ಮುಖ್ಯ.

ಇನ್ನು "ಕೆಡಿಎಂ ಚಿನ್ನ" ಎಂಬ ಮಾತು ಈಗಲೂ ಕೇಳಿಸುತ್ತದೆ. ಅದು ಶುದ್ಧತೆಯ ಗುರುತಲ್ಲ. ಒಂದು ಕಾಲದಲ್ಲಿ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಳಸುತ್ತಿದ್ದರು, ಹೆಸರು ಅಲ್ಲಿಂದ ಬಂದದ್ದು. ಕ್ಯಾಡ್ಮಿಯಂ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷ. ಯಾರಾದರೂ ಕೆಡಿಎಂ ಎಂದು ಹೊಗಳಿ ಮಾರಿದರೆ ಹಾಲ್‌ಮಾರ್ಕ್ ಎಲ್ಲಿದೆ ಎಂದು ಕೇಳಿ.

ಹೆಜ್ಜೆ 3: ಒಂದೊಂದೇ ಲೋಹ ತೂಗಿ ನೋಡಿ

22 ಕ್ಯಾರೆಟ್ ಹಳದಿ ಚಿನ್ನ. ಕಲ್ಲಿಲ್ಲದ ಸಾದಾ ಉಂಗುರಕ್ಕೆ ಒಳ್ಳೆಯದು. ಬಣ್ಣ ಮಾಸುವುದಿಲ್ಲ, ಎಷ್ಟೇ ಮಳೆಗಾಲ ಕಳೆದರೂ ಕಪ್ಪಾಗುವುದಿಲ್ಲ. ನಮ್ಮ ಯಾವ ಪೇಟೆಯಲ್ಲಾದರೂ ಆಚಾರಿಯವರು ಅದನ್ನು ಹಿಗ್ಗಿಸಿ, ಕುಗ್ಗಿಸಿ, ಬೆಸುಗೆ ಹಾಕಿ ಕೊಡುತ್ತಾರೆ. ಕೊರತೆ ಒಂದೇ, ಅದು ಮೆದು. ತೆಳ್ಳಗೆ ಮಾಡಿಸಿದರೆ ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬರುತ್ತದೆ, ಕೆಳಭಾಗ ಸವೆದು ಕೊನೆಗೆ ತುಂಡಾಗುತ್ತದೆ. ಆದ್ದರಿಂದ 22 ಕ್ಯಾರೆಟ್ ಬೇಕಿದ್ದರೆ ದಪ್ಪ ಬೇಕೇ ಬೇಕು.

18 ಕ್ಯಾರೆಟ್ ಹಳದಿ ಚಿನ್ನ. ದಿನಾ ಹಾಕುವ ಉಂಗುರಕ್ಕೆ, ಅದರಲ್ಲೂ ಕಲ್ಲು ಕೂರಿಸುವುದಿದ್ದರೆ, ನಾನು ಮೊದಲು ಹೇಳುವುದು ಇದನ್ನೇ. ಸಾಕಷ್ಟು ಗಟ್ಟಿ, ಸಾಕಷ್ಟು ಚಿನ್ನ, ಬಣ್ಣವೂ ಹಳದಿಯೇ. ರಿಪೇರಿಯೂ ಊರಲ್ಲೇ ಆಗುತ್ತದೆ. ಆದರೆ ಆಚಾರಿಯವರಿಗೆ ಇದು 18 ಕ್ಯಾರೆಟ್ ಎಂದು ಮೊದಲೇ ಹೇಳಿ. ಅದಕ್ಕೆ ಹೊಂದುವ ಬೆಸುಗೆ ಹಾಕಬೇಕು, ಇಲ್ಲದಿದ್ದರೆ ಬೆಸೆದ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ರೋಸ್ ಗೋಲ್ಡ್. ತಾಮ್ರ ಜಾಸ್ತಿ ಬೆರೆಸಿದ ಚಿನ್ನ. 18 ಕ್ಯಾರೆಟ್‌ನಲ್ಲಿ ಮಾಡಿದ್ದು ಗಟ್ಟಿಯಾಗಿರುತ್ತದೆ, ನಮ್ಮ ಚರ್ಮದ ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಬಣ್ಣ ಒಳಗಿನಿಂದಲೇ ಬಂದದ್ದೋ ಮೇಲಿನ ಲೇಪವೋ ಎಂದು ಕೇಳಿ. ಲೇಪವಾದರೆ ಬೇಡ.

ಬಿಳಿ ಚಿನ್ನ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಚಿನ್ನಕ್ಕೆ ಪಲ್ಲಾಡಿಯಂ ಅಥವಾ ನಿಕಲ್ ಬೆರೆಸಿದರೆ ಹಳದಿ ತಗ್ಗುತ್ತದೆ, ಆದರೆ ಪೂರ್ತಿ ಬಿಳಿಯಾಗುವುದಿಲ್ಲ. ಅಂಗಡಿಯಲ್ಲಿ ಕಾಣುವ ಆ ಹೊಳೆಯುವ ಬಿಳುಪು ಮೇಲೆ ಹಾಕಿದ ರೋಡಿಯಂ ಲೇಪದ್ದು. ದಿನಾ ಹಾಕಿದರೆ ಒಂದೆರಡು ವರ್ಷದಲ್ಲಿ ಅಂಗೈ ಕಡೆಯಿಂದ ಲೇಪ ಸವೆದು, ಒಳಗಿನ ತಿಳಿ ಹಳದಿ ಇಣುಕುತ್ತದೆ. ಆಗ ಮತ್ತೆ ಲೇಪ ಹಾಕಿಸಬೇಕು. ಆ ಕೆಲಸ ಹತ್ತಿರದಲ್ಲಿ ಆಗುತ್ತದಾ, ಕೊಂಡ ಅಂಗಡಿಯವರು ಎಷ್ಟು ತೆಗೆದುಕೊಳ್ಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಇದನ್ನೆಲ್ಲ ಕೊಳ್ಳುವ ಮೊದಲೇ ಕೇಳಿ. ನಿಕಲ್ ಆಗದವರು ಪಲ್ಲಾಡಿಯಂ ಬೆರೆಸಿದ್ದನ್ನೇ ಕೇಳಿ ಪಡೆಯಿರಿ. ಬೆಳ್ಳಗಿನ ಉಂಗುರ ಇಷ್ಟ, ಆದರೆ ಪದೇ ಪದೇ ಅಂಗಡಿಗೆ ಓಡಲು ಆಗದು ಅನ್ನುವವರು ಮುಂದಿನ ಲೋಹ ನೋಡುವುದು ಮೇಲು.

ಪ್ಲಾಟಿನಂ. ಉಂಗುರಕ್ಕೆ ಸಾಮಾನ್ಯವಾಗಿ ಬಳಸುವುದು 950 ಶುದ್ಧತೆಯದ್ದು, ಅಂದರೆ ನೂರರಲ್ಲಿ 95 ಭಾಗ ಪ್ಲಾಟಿನಂ. ಒಳಗೂ ಹೊರಗೂ ಒಂದೇ ಬಿಳುಪು, ಲೇಪದ ಗೊಡವೆ ಇಲ್ಲ. ಚರ್ಮಕ್ಕೆ ತುಂಬಾ ಸೌಮ್ಯ. ಕೈಗೆ ಹಾಕಿದ ಕೂಡಲೇ ಭಾರ ಗೊತ್ತಾಗುತ್ತದೆ. ಗೀರು ಬೀಳುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಅದು ನಿಜವಲ್ಲ. ಗೀರು ಬೀಳುತ್ತದೆ. ವ್ಯತ್ಯಾಸ ಏನೆಂದರೆ, ಚಿನ್ನದಲ್ಲಿ ಸವೆದ ಲೋಹ ಹೋಗಿಬಿಡುತ್ತದೆ. ಪ್ಲಾಟಿನಂನಲ್ಲಿ ಅದು ಬಹುಮಟ್ಟಿಗೆ ಪಕ್ಕಕ್ಕೆ ಸರಿಯುತ್ತದೆ, ತೂಕ ಅಷ್ಟಾಗಿ ಇಳಿಯುವುದಿಲ್ಲ. ವರ್ಷಗಳು ಕಳೆದಂತೆ ಹೊಳಪು ತಗ್ಗಿ ಒಂದು ಮಂದ ಬೂದು ಬಣ್ಣ ಬರುತ್ತದೆ. ನನಗೆ ಆ ಬಣ್ಣ ತುಂಬಾ ಇಷ್ಟ. ನಿಮಗೆ ಹೊಳಪೇ ಬೇಕಿದ್ದರೆ ಆಗಾಗ ಪಾಲಿಶ್ ಮಾಡಿಸಬೇಕು.

ಕೊಡಗಿನಲ್ಲಿರುವವರಿಗೆ ಪ್ಲಾಟಿನಂನ ದೊಡ್ಡ ಪ್ರಶ್ನೆ ರಿಪೇರಿಯದು. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಊರಿನ ಆಚಾರಿಯವರ ಸಾಮಾನ್ಯ ಬೆಂಕಿಗೆ ಅದು ಬಗ್ಗುವುದಿಲ್ಲ. ಬೇರೆ ಟಾರ್ಚು, ಇಲ್ಲವೇ ಲೇಸರ್ ಬೆಸುಗೆ ಯಂತ್ರ ಬೇಕು. ಸೈಜು ಬದಲಿಸಲು ಮೈಸೂರಿಗೋ ಬೆಂಗಳೂರಿಗೋ ಕಳಿಸಬೇಕಾಗಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಹೇಗೂ ಆಗಾಗ ಹೋಗಿಬರುವವರಿಗೆ ಇದು ತೊಂದರೆಯಲ್ಲ. ನಾಪೋಕ್ಲು, ಭಾಗಮಂಡಲದ ಕಡೆ ತೋಟದಲ್ಲೇ ಇರುವವರು ಯೋಚಿಸಬೇಕು. ಬೆಲೆಯ ವಿಷಯದಲ್ಲಿ, ಈಚಿನ ವರ್ಷಗಳಲ್ಲಿ ಪ್ಲಾಟಿನಂ ಗ್ರಾಂ ರೇಟು ಚಿನ್ನಕ್ಕಿಂತ ಕಡಿಮೆ ಇದೆ. ಆದರೆ ಮೇಕಿಂಗ್ ಚಾರ್ಜ್ ಜಾಸ್ತಿ, ವಾಪಸು ಕೊಡುವಾಗಿನ ಕಡಿತವೂ ಜಾಸ್ತಿ ಇರಬಹುದು. ಮರುಖರೀದಿಯ ಷರತ್ತನ್ನು ಬರಹದಲ್ಲಿ ಪಡೆಯಿರಿ.

ಬೆಳ್ಳಿ. ಉಂಗುರಕ್ಕೆ 925 ಬೆಳ್ಳಿ ಬಳಸುತ್ತಾರೆ. ಬಜೆಟ್ ಚಿಕ್ಕದಿದ್ದರೆ ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ಆದರೆ ಬೆಳ್ಳಿ ಮೆದು, ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ, ತೇವ ಇದ್ದರೆ ಬೇಗ ಕಪ್ಪಾಗುತ್ತದೆ. ನಮ್ಮ ಜೂನ್, ಜುಲೈ ತಿಂಗಳುಗಳನ್ನು ಕೇಳಬೇಕೇ? ತೋಟಕ್ಕೆ ಗಂಧಕದ ಪುಡಿ ಸಿಂಪಡಿಸುವ ದಿನ ಬೆಳ್ಳಿ ಉಂಗುರ ಮನೆಯಲ್ಲೇ ಇರಲಿ. ದಿನಾ ಹಾಕಿಕೊಂಡರೆ ಉಜ್ಜಿ ಉಜ್ಜಿ ಹೊಳಪು ಉಳಿಯುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರವಂತೂ ಇಡಲೇಬೇಡಿ.

ಟೈಟಾನಿಯಂ, ಟಂಗ್‌ಸ್ಟನ್ ಕಾರ್ಬೈಡ್. ಆನ್‌ಲೈನಿನಲ್ಲಿ ಗಂಡಸರ ಉಂಗುರ ಹುಡುಕಿದರೆ ಇವು ತುಂಬಾ ಕಾಣುತ್ತವೆ. ಟೈಟಾನಿಯಂ ತೀರಾ ಹಗುರ, ಗಟ್ಟಿ. ಟಂಗ್‌ಸ್ಟನ್‌ಗೆ ಗೀರೇ ಬೀಳುವುದಿಲ್ಲ ಎನ್ನಬಹುದು, ಆದರೆ ಕಲ್ಲಿನ ನೆಲಕ್ಕೆ ಬಿದ್ದರೆ ಒಡೆಯಬಹುದು. ಟಂಗ್‌ಸ್ಟನ್ ಸೈಜು ಬದಲಿಸಲು ಆಗುವುದೇ ಇಲ್ಲ, ಟೈಟಾನಿಯಂನದ್ದೂ ಹೆಚ್ಚುಕಡಿಮೆ ಹಾಗೇ. ಹತ್ತು ವರ್ಷದಲ್ಲಿ ಬೆರಳು ದಪ್ಪಗಾದರೆ ಹೊಸದೇ ಬೇಕು. ಮಾರಲು ಹೋದರೆ ಕಾಸೂ ಬರುವುದಿಲ್ಲ. ಬೆರಳು ಊದಿಕೊಂಡು ಉಂಗುರ ತೆಗೆಯಬೇಕಾಗಿ ಬಂದರೆ ಚಿನ್ನ, ಬೆಳ್ಳಿಯನ್ನು ಆಸ್ಪತ್ರೆಯ ಸಣ್ಣ ಕಟರ್‌ನಲ್ಲಿ ಸುಲಭವಾಗಿ ಕತ್ತರಿಸುತ್ತಾರೆ. ಟಂಗ್‌ಸ್ಟನ್ ಕತ್ತರಿಸಲು ಆಗದು, ಇಕ್ಕಳದಲ್ಲಿ ಬಿಗಿಹಿಡಿದು ಒಡೆಯಬೇಕು. ಮದುವೆಯ ಉಂಗುರವಾಗಿ ಇವನ್ನು ನಾನು ಸೂಚಿಸುವುದಿಲ್ಲ. ಎರಡನೆಯ, ಒರಟು ಬಳಕೆಯ ಉಂಗುರವಾಗಿ ಟೈಟಾನಿಯಂ ಇರಲಿ.

14 ಮತ್ತು 9 ಕ್ಯಾರೆಟ್. ಚಿನ್ನದ ರೇಟು ಏರಿದಂತೆ ಇವು ಜಾಸ್ತಿ ಕಾಣುತ್ತಿವೆ. 2025ರಲ್ಲಿ 9 ಕ್ಯಾರೆಟ್‌ಗೂ ಹಾಲ್‌ಮಾರ್ಕ್ ಬಂತು. ವಜ್ರದ ಉಂಗುರಕ್ಕೆ 14 ಕ್ಯಾರೆಟ್ ಒಳ್ಳೆಯ ಆಯ್ಕೆಯೇ. 9ರಲ್ಲಿ ಬೇರೆ ಲೋಹವೇ ಅರ್ಧಕ್ಕಿಂತ ಹೆಚ್ಚು. ಬೆವರು, ತೇವಕ್ಕೆ ಬಣ್ಣ ಮಂಕಾಗಬಹುದು.

ಹೆಜ್ಜೆ 4: ಕಲ್ಲು ಇದೆಯಾ?

ಕಲ್ಲಿದ್ದರೆ ಲೋಹದ ತೀರ್ಮಾನವನ್ನು ಕಲ್ಲೇ ಮಾಡುತ್ತದೆ. ನಿಶ್ಚಿತಾರ್ಥದ ಉಂಗುರದಲ್ಲಿ ವಜ್ರವನ್ನು ನಾಲ್ಕೋ ಆರೋ ಸಣ್ಣ ಕೊಕ್ಕೆಗಳು ಎತ್ತಿ ಹಿಡಿದಿರುತ್ತವೆ. ಆ ಕೊಕ್ಕೆ ಮೆದುವಾದರೆ ಸ್ವೆಟರಿಗೆ ಸಿಕ್ಕಿ ಏಳುತ್ತದೆ, ಒಂದು ದಿನ ಕಲ್ಲು ಉದುರುತ್ತದೆ. ಇಲ್ಲಿ ವರ್ಷದಲ್ಲಿ ಎಷ್ಟೋ ತಿಂಗಳು ಉಣ್ಣೆ ಬಟ್ಟೆ ಮೈಮೇಲಿರುತ್ತದೆ, ಇದನ್ನು ಸುಮ್ನೆ ಬಿಡುವಂತಿಲ್ಲ. ತೆಳುವಾದ ಕೊಕ್ಕೆಗೆ 22 ಕ್ಯಾರೆಟ್ ಬೇಡ. 18, 14 ಅಥವಾ ಪ್ಲಾಟಿನಂ ಇರಲಿ. ಕಲ್ಲಿನ ಸುತ್ತ ಲೋಹದ ಅಂಚು ಕಟ್ಟಿ ಕೂರಿಸುವ ಹಳೆಯ ಪದ್ಧತಿಯಾದರೆ 22 ಕ್ಯಾರೆಟ್ ನಡೆಯುತ್ತದೆ. ಕೈಕೆಲಸ ಮಾಡುವವರಿಗೆ ಈ ಅಂಚಿನ ಉಂಗುರವೇ ಒಳ್ಳೆಯದು, ಎಲ್ಲಿಗೂ ಸಿಕ್ಕುವುದಿಲ್ಲ. ಸುತ್ತಲೂ ಕಲ್ಲಿರುವ ಉಂಗುರದ ಸೈಜು ಬದಲಿಸುವುದು ಬಹಳ ಕಷ್ಟ. ಅರ್ಧ ಸುತ್ತು ಕಲ್ಲಿದ್ದರೆ ಸಾಕು.

ನಿಶ್ಚಿತಾರ್ಥದ್ದು, ಮದುವೆಯದ್ದು ಎರಡನ್ನೂ ಒಂದೇ ಬೆರಳಿಗೆ ಹಾಕುವ ಯೋಚನೆ ಇದ್ದರೆ ಎರಡೂ ಒಂದೇ ಲೋಹ, ಒಂದೇ ಕ್ಯಾರೆಟ್ ಇರಲಿ. ಗಟ್ಟಿಯದ್ದು ಮೆದುವಾದದ್ದನ್ನು ಉಜ್ಜಿ ಸವೆಸುತ್ತದೆ. ಒಂದು 22, ಇನ್ನೊಂದು 18 ಈಗಾಗಲೇ ಆಗಿಬಿಟ್ಟಿದ್ದರೆ ಬೇರೆ ಬೇರೆ ಕೈಗೆ ಹಾಕಿಕೊಳ್ಳಿ.

ಹೆಜ್ಜೆ 5: ದಪ್ಪ, ಅಗಲ, ತೂಕ

ಅಂಗಡಿಯಲ್ಲಿ ಎಲ್ಲರೂ ತೂಕ ಕೇಳುತ್ತಾರೆ, ದಪ್ಪ ಯಾರೂ ಕೇಳುವುದಿಲ್ಲ. ಅಗಲ ಮಾಡಿ ತೆಳ್ಳಗೆ ತಟ್ಟಿದ ಉಂಗುರ ಕಡಿಮೆ ತೂಕದಲ್ಲಿ ದೊಡ್ಡದಾಗಿ ಕಾಣುತ್ತದೆ, ಆದರೆ ಬಾಳುವುದಿಲ್ಲ. ಅಂಗೈ ಕಡೆಯ ಭಾಗ ಒಂದೂವರೆ ಮಿಲಿಮೀಟರಿಗಿಂತ ತೆಳುವಾಗಿರದಂತೆ ನೋಡಿ. 22 ಕ್ಯಾರೆಟ್ ಆದರೆ ಇನ್ನೂ ಸ್ವಲ್ಪ ದಪ್ಪ ಇರಲಿ. ಬಜೆಟ್ ಸಾಲದಿದ್ದರೆ ಅಗಲ ಕಡಿಮೆ ಮಾಡಿ, ದಪ್ಪ ಬಿಡಬೇಡಿ. ಒಳಗೆ ಟೊಳ್ಳು ಮಾಡಿದ ಉಂಗುರ ಬೇಡ.

ಒಂದೇ ಅಳತೆಯ ಉಂಗುರ ಬೇರೆ ಬೇರೆ ಲೋಹದಲ್ಲಿ ಬೇರೆ ಬೇರೆ ತೂಕ ಬರುತ್ತದೆ. 22 ಕ್ಯಾರೆಟ್‌ನಲ್ಲಿ 4 ಗ್ರಾಂ, ಅಂದರೆ ಅರ್ಧ ಪವನು, ಬರುವ ಉಂಗುರ 18 ಕ್ಯಾರೆಟ್‌ನಲ್ಲಿ ಸುಮಾರು 3.5 ಗ್ರಾಂ, 950 ಪ್ಲಾಟಿನಂನಲ್ಲಿ ಸುಮಾರು 4.7 ಗ್ರಾಂ, 925 ಬೆಳ್ಳಿಯಲ್ಲಿ 2.3 ಗ್ರಾಂ ಬರುತ್ತದೆ. ಆದ್ದರಿಂದ ಬರೀ ಗ್ರಾಂ ರೇಟು ಹೋಲಿಸಬೇಡಿ. ಅದೇ ಡಿಸೈನಿಗೆ ಒಟ್ಟು ಎಷ್ಟಾಗುತ್ತದೆ ಎಂದು ಲೋಹವಾರು ಬರೆಸಿಕೊಳ್ಳಿ.

ಹೆಜ್ಜೆ 6: ಬೆರಳಿನ ಅಳತೆ

ಬೆರಳು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ಜನವರಿಯ ಚಳಿ ಬೆಳಿಗ್ಗೆ ಅಳತೆ ಕೊಟ್ಟರೆ ಏಪ್ರಿಲ್ ಮಧ್ಯಾಹ್ನದ ಮದುವೆ ಮಂಟಪದಲ್ಲಿ ಉಂಗುರ ಗೆಣ್ಣು ದಾಟುವುದಿಲ್ಲ. ಕೈ ಬೆಚ್ಚಗಿರುವಾಗ, ಸಂಜೆ ಹೊತ್ತಿಗೆ, ಬೇರೆ ಬೇರೆ ದಿನ ಅಳತೆ ತೆಗೆಸಿ. ಆರು ಮಿಲಿಮೀಟರಿಗಿಂತ ಅಗಲದ ಉಂಗುರವಾದರೆ ಅಷ್ಟೇ ಅಗಲದ ಅಳತೆ ಉಂಗುರದಲ್ಲೇ ನೋಡಬೇಕು, ಅಗಲ ಉಂಗುರ ಹೆಚ್ಚು ಬಿಗಿಯುತ್ತದೆ. ತೀರಾ ಸಡಿಲವೂ ಬೇಡ. ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲಕ್ಕೆ ಹೋಗಿ ತಣ್ಣೀರಲ್ಲಿ ಮುಳುಗಿದಾಗ ಬೆರಳು ಕುಗ್ಗುತ್ತದೆ, ಸಡಿಲ ಉಂಗುರ ಜಾರಿ ಹೊಳೆಪಾಲಾಗುತ್ತದೆ. ಹೊಳೆಗೆ ಇಳಿಯುವ ಮೊದಲು ತೆಗೆದು ಮನೆಯವರ ಕೈಗೆ ಕೊಡಿ.

ಹೆಜ್ಜೆ 7: ಮನೆಯ ಹಳೆ ಚಿನ್ನ ಕರಗಿಸುವ ಮೊದಲು

ಅಜ್ಜಿಯ ಒಡವೆ ಕೊಟ್ಟು ಉಂಗುರ ಮಾಡಿಸುವುದು ನಮ್ಮಲ್ಲಿ ತುಂಬಾ ಇದೆ. ಇದರಲ್ಲಿ ತಪ್ಪಿಲ್ಲ. ಆದರೆ ಯಾವುದನ್ನು ಕರಗಿಸುತ್ತೀರಿ ಎಂಬುದು ಮುಖ್ಯ. ಕೊಡವರ ಸಾಂಪ್ರದಾಯಿಕ ಸರವಾದ ಜೋಮಾಲೆಯ ಮಣಿಗಳು ಟೊಳ್ಳು, ಒಳಗೆ ಅರಗು ತುಂಬಿರುತ್ತದೆ. ತಕ್ಕಡಿಯಲ್ಲಿ ಕಾಣುವ ತೂಕದಲ್ಲಿ ದೊಡ್ಡ ಪಾಲು ಅರಗಿನದ್ದೇ. ಕರಗಿಸಿದರೆ ಸಿಗುವ ಚಿನ್ನ ನಿರೀಕ್ಷೆಗಿಂತ ಕಡಿಮೆ. ಅಂಥ ಕೈಕೆಲಸವನ್ನು ಮತ್ತೆ ಮಾಡಿಸಲು ಹೋದರೆ ಮಾಡುವವರು ಸಿಗುವುದು ಕಷ್ಟ. ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಇವನ್ನು ದಯವಿಟ್ಟು ಉಂಗುರಕ್ಕಾಗಿ ಕರಗಿಸಬೇಡಿ. ತುಂಡಾದ ಸರ, ಜೋಡಿ ಕಳೆದ ಓಲೆ, ಸವೆದ ಬಳೆ ಇದ್ದರೆ ಅವನ್ನು ಕೊಡಿ.

ಕೊಡುವಾಗ ಶುದ್ಧತೆಯನ್ನು ನಿಮ್ಮ ಎದುರೇ ಯಂತ್ರದಲ್ಲಿ ಪರೀಕ್ಷಿಸಲು ಹೇಳಿ. ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ, ಆದ್ದರಿಂದ ಕರಗಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಕಲ್ಲು, ಅರಗು, ದಾರ ತೆಗೆದ ನಂತರದ ತೂಕ, ಕರಗಿಸಿದ ನಂತರದ ತೂಕ ಎರಡನ್ನೂ ಬರೆಸಿಕೊಳ್ಳಿ. ಹಳೆಯ ಒಡವೆಯಲ್ಲಿ ಬೆಸುಗೆ ಜಾಸ್ತಿ ಇದ್ದರೆ ಕರಗಿದಾಗ 22 ಕ್ಯಾರೆಟ್‌ಗಿಂತ ಕಡಿಮೆ ಬರುತ್ತದೆ. ಅದೇ ಚಿನ್ನದಿಂದ ಉಂಗುರ ಬೇಕು ಎಂಬ ಆಸೆ ಇದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ಹಳೆಯದನ್ನು ವಿನಿಮಯಕ್ಕೆ ತೆಗೆದುಕೊಂಡು ಬೇರೆ ಚಿನ್ನದ ಉಂಗುರ ಕೊಡುತ್ತಾರೆ.

ಹೆಜ್ಜೆ 8: ಹಾಲ್‌ಮಾರ್ಕ್ ಮತ್ತು ಬಿಲ್ಲು

ಉಂಗುರದ ಒಳಮೈಯಲ್ಲಿ ಮೂರು ಗುರುತುಗಳಿರಬೇಕು. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ ಚಿಹ್ನೆ, 22ಕೆ916 ಅಥವಾ 18ಕೆ750 ಎಂಬಂಥ ಶುದ್ಧತೆ, ಮತ್ತು ಅಕ್ಷರ, ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. ಕಡ್ಡಾಯ ಹಾಲ್‌ಮಾರ್ಕ್ 2021ರ ಜೂನ್‌ನಲ್ಲಿ ಶುರುವಾಗಿ ಹಂತ ಹಂತವಾಗಿ ಜಿಲ್ಲೆಗಳಿಗೆ ಹಬ್ಬಿತು. ಎಚ್‌ಯುಐಡಿ ಕಡ್ಡಾಯವಾದದ್ದು 2023ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ಒಡವೆಯಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಗಾಬರಿ ಬೇಡ.

ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಶುದ್ಧತೆ, ಹಾಲ್‌ಮಾರ್ಕ್ ಮಾಡಿದ ಕೇಂದ್ರ, ಒಡವೆಯ ಬಗೆ ಎಲ್ಲ ಬರುತ್ತದೆ. ಕೈಯಲ್ಲಿ ಉಂಗುರ ಇದ್ದು ಆ್ಯಪ್ ಸರ ಎಂದು ತೋರಿಸಿದರೆ ಅಲ್ಲೇ ಕೇಳಿ. ಗುರುತಿಗಿಂತ ಶುದ್ಧತೆ ಕಡಿಮೆ ಎಂದು ಪರೀಕ್ಷೆಯಲ್ಲಿ ಸಾಬೀತಾದರೆ, ಕೊರತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚನ್ನು ಕೇಳುವ ಹಕ್ಕು ಕೊಂಡವರಿಗಿದೆ.

ಉಂಗುರ ಕೊಳ್ಳುವವರು ಗಮನಿಸಬೇಕಾದ ಒಂದು ವಿನಾಯಿತಿ ಇದೆ. 2 ಗ್ರಾಂಗಿಂತ ಕಡಿಮೆ ತೂಕದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ಅಂಗಡಿಗಳಿಗೂ ವಿನಾಯಿತಿ ಇದೆ. ತೆಳು ಉಂಗುರ ಸಣ್ಣ ಅಂಗಡಿಯಲ್ಲಿ ಕೊಂಡರೆ ಗುರುತು ಇಲ್ಲದಿರಬಹುದು. ಅದು ಮೋಸ ಎಂದಲ್ಲ. ನಾನಾದರೆ ದಿನಬಳಕೆಯ ಉಂಗುರವನ್ನು 2 ಗ್ರಾಂ ದಾಟಿಸಿಯೇ ಮಾಡಿಸುತ್ತೇನೆ. ಪ್ಲಾಟಿನಂಗೆ ಬಿಐಎಸ್ ಹಾಲ್‌ಮಾರ್ಕ್ ಇಲ್ಲ. ಅದಕ್ಕೆ ಒಳಗೆ ಪಿಟಿ 950 ಎಂಬ ಮುದ್ರೆ, ಜೊತೆಗೆ ಪ್ಲಾಟಿನಂ ಗಿಲ್ಡ್‌ನ ಪ್ರಮಾಣಪತ್ರ ಕೇಳಿ. ಬೆಳ್ಳಿಗೆ 2025ರ ಸೆಪ್ಟೆಂಬರ್‌ನಿಂದ ಎಚ್‌ಯುಐಡಿ ಬಂದಿದೆ, ಆದರೆ ಕಡ್ಡಾಯ ಮಾಡಿಲ್ಲ.

ಬಿಲ್ಲಿನ ಲೆಕ್ಕಕ್ಕೆ ಒಂದು ಉದಾಹರಣೆ. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 5 ಗ್ರಾಂಗೆ 50,000. ಮೇಕಿಂಗ್ ಚಾರ್ಜ್ ಶೇ 12 ಎಂದರೆ 6,000. ಒಟ್ಟು 56,000. ಅದರ ಮೇಲೆ ಶೇ 3 ಜಿಎಸ್‌ಟಿ 1,680. ಕೊನೆಗೆ 57,680 ರೂಪಾಯಿ. ಹಾಲ್‌ಮಾರ್ಕ್ ಶುಲ್ಕ ಸಣ್ಣದು, ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ತೆರಿಗೆ. ಮೇಕಿಂಗ್ ಚಾರ್ಜ್, ವೇಸ್ಟೇಜ್ ಎರಡನ್ನೂ ಬೇರೆ ಬೇರೆ ಹಾಕಿದ್ದರೆ ಎರಡೂ ಸೇರಿ ಶೇಕಡ ಎಷ್ಟಾಯಿತು ಎಂದು ನೋಡಿ, ಚೌಕಾಸಿಗೆ ಜಾಗ ಇರುವುದು ಅಲ್ಲೇ. 18 ಕ್ಯಾರೆಟ್ ಉಂಗುರಕ್ಕೆ 18 ಕ್ಯಾರೆಟ್ ರೇಟನ್ನೇ ಹಾಕಿದ್ದಾರಾ ನೋಡಿ. ಕಲ್ಲಿನ ತೂಕವನ್ನು ಚಿನ್ನದ ತೂಕದಿಂದ ಕಳೆದಿರಬೇಕು. ವಜ್ರದಲ್ಲಿ ಕ್ಯಾರೆಟ್ ಎಂದರೆ ಶುದ್ಧತೆಯಲ್ಲ, ತೂಕ. ಒಂದು ಕ್ಯಾರೆಟ್ ವಜ್ರ 0.2 ಗ್ರಾಂ ತೂಗುತ್ತದೆ. ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ ಎಲ್ಲ ಬೇರೆ ಬೇರೆ ಬರೆದಿರಲಿ.

ಹೆಜ್ಜೆ 9: ಯಾವಾಗ ಆರ್ಡರ್ ಕೊಡಬೇಕು

ಕಾಫಿ ಕುಯ್ಲು ಮುಗಿದು ಕೈಗೆ ಹಣ ಬರುವ ಹೊತ್ತಿಗೆ ಬೇಸಿಗೆಯ ಮದುವೆಗಳು ಬಾಗಿಲಿಗೆ ಬಂದಿರುತ್ತವೆ. ಎಲ್ಲರೂ ಒಟ್ಟಿಗೆ ಚಿನ್ನದಂಗಡಿಗೆ ನುಗ್ಗುತ್ತಾರೆ. ಮದುವೆಗೆ ಎರಡು ತಿಂಗಳು ಇರುವಾಗಲೇ ಆರ್ಡರ್ ಕೊಡಿ. ಪ್ಲಾಟಿನಂ, ಕಲ್ಲಿನ ಉಂಗುರವಾದರೆ ಇನ್ನೂ ಮುಂಚೆ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಶುಭಕಾರ್ಯ ಇರುವುದಿಲ್ಲ, ಅಂಗಡಿಗಳಲ್ಲಿ ಜನವೂ ಕಡಿಮೆ. ವರ್ಷದ ಕೊನೆಯ ಮದುವೆಗೆ ಉಂಗುರ ನೋಡಲು ಅದು ಒಳ್ಳೆಯ ಸಮಯ. ಅಡ್ವಾನ್ಸ್ ಕೊಟ್ಟ ದಿನದ ರೇಟೋ ಉಂಗುರ ಪಡೆಯುವ ದಿನದ ರೇಟೋ ಎಂದು ರಸೀದಿಯಲ್ಲೇ ಬರೆಸಿ.

ಹಾಕಿಕೊಂಡ ಮೇಲೆ

ಬ್ಲೀಚಿಂಗ್ ಪೌಡರ್, ಈಜುಕೊಳದ ಕ್ಲೋರಿನ್ ಎರಡೂ ಚಿನ್ನದ ಬೆರಕೆಯನ್ನು, ಅದರಲ್ಲೂ ಬಿಳಿ ಚಿನ್ನದ ಕೊಕ್ಕೆ ಮತ್ತು ಬೆಸುಗೆಯನ್ನು ತಿನ್ನುತ್ತವೆ. ನೀರಿನ ಟ್ಯಾಂಕ್ ತೊಳೆಯುವಾಗ, ಬಚ್ಚಲು ಉಜ್ಜುವಾಗ ಉಂಗುರ ತೆಗೆದಿಡಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಬೆರೆಸುವಾಗಲೂ ಹಾಗೆಯೇ, ಅದರ ಸುಣ್ಣವು ಉಂಗುರದ ಕಲ್ಲಿನ ಅಡಿಯಲ್ಲಿ ಕೂತರೆ ತೆಗೆಯುವುದು ಕಷ್ಟ. ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕು. ಟೂತ್‌ಪೇಸ್ಟ್ ಬೇಡ, ಅದು ಗೀರು ಹಾಕುತ್ತದೆ.

ಸೈಜು ಬದಲಿಸಲು ಕೊಡುವಾಗ ಹಾಲ್‌ಮಾರ್ಕ್ ಇರುವ ಕಡೆ ಕತ್ತರಿಸಬೇಡಿ ಎಂದು ಆಚಾರಿಯವರಿಗೆ ಹೇಳಿ. ಲೇಸರಿನಲ್ಲಿ ಬರೆದ ಆ ಸಂಖ್ಯೆ ತುಂಬಾ ತೆಳು, ಜೋರು ಪಾಲಿಶ್‌ಗೂ ಅಳಿಸಿಹೋಗಬಹುದು. ಬಿಲ್ಲಿನ ಫೋಟೋ, ಉಂಗುರದ ಒಳಮೈಯ ಫೋಟೋ ಎರಡನ್ನೂ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.

ಕಲ್ಲಿನ ಉಂಗುರವನ್ನು ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮೊದಲು, ಪರೀಕ್ಷೆ ಮಾಡಿಸಿ. ಮನೆಯಲ್ಲೇ ನೋಡುವ ವಿಧಾನವೂ ಇದೆ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಕಟಕ ಸದ್ದು ಬಂದರೆ ಕಲ್ಲು ಸಡಿಲವಾಗಿದೆ. ಕೊಕ್ಕೆಗಳ ಮೇಲೆ ಹಳೆಯ ಸ್ವೆಟರ್ ಒಮ್ಮೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಒಂದು ಕೊಕ್ಕೆ ಎದ್ದಿದೆ ಎಂದರ್ಥ. ಆಮೇಲೆ ಅದನ್ನು ಬೆರಳಿಗೆ ಹಾಕದೆ ಸಣ್ಣ ಡಬ್ಬಿಯಲ್ಲಿಟ್ಟು ಅಂಗಡಿಗೆ ಒಯ್ಯಿರಿ.